ನಾಲ್ಕನೇ ಬೆರಳು

ಬಸ್ಸಿನ ಮುಂದಿನ ಸೀಟಿನ ಕಂಬಿಯ ಮೇಲೆ ತನ್ನ ಬಲಗೈ ಬೆರಳುಗಳು ತಮ್ಮ ಪಾಡಿಗೆ ತಾವು ಕುಟ್ಟುತ್ತಿವೆ ಎಂದು ಅವನಿಗೆ ಗೊತ್ತಾದದ್ದು ಆ ಸೀಟಿನಲ್ಲಿ ಕೂತಿದ್ದ ಹೆಂಗಸು ತಿರುಗಿ, "ಏನಾದ್ರೂ ಬೇಕಿತ್ತಾ?" ಎಂದು ಕೇಳಿದಾಗ. ಏನೂ ಬೇಡವೆಂದು ತಲೆಯಾಡಿಸಿ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡ. ಅಲ್ಲಿಯೂ ಅವು ಸುಮ್ಮನಿರಲಿಲ್ಲ. ನಾಲ್ಕು, ಮೂರು, ಎರಡು, ಒಂದು. ನಾಲ್ಕು, ಮೂರು, ಎರಡು, ಒಂದು. ಹೆಬ್ಬೆರಳನ್ನು ಒಂದು ಎಂದು ಎಣಿಸುವ ಪಿಯಾನೊದವರ ಲೆಕ್ಕದಲ್ಲಿ ನಾಲ್ಕನೆಯದು ಉಂಗುರದ ಬೆರಳು. ಅವನ ಐದು ವರ್ಷದ ಸಂಕಟವೆಲ್ಲ ಆ ಒಂದು ಬೆರಳಿನದು. ಪಿಯಾನೊದ ಒಂದೇ ಒಂದು ಬಿಳಿ ಮನೆಯನ್ನು, ಅಂದರೆ ಬೆರಳಿಂದ ಒತ್ತುವ ಪಟ್ಟಿಯನ್ನು, ಬೆರಳು ಬದಲಿಸುತ್ತ ಬದಲಿಸುತ್ತ ಹನ್ನೆರಡು ಸಲ ಪಟಪಟನೆ ಒತ್ತುವ ಸಾಲೊಂದು ಅವನು ಇವತ್ತು ನುಡಿಸಬೇಕಾದ ಕೃತಿಯಲ್ಲಿತ್ತು. ಉಳಿದ ಮೂರು ಬೆರಳುಗಳು ಹೇಗೋ ಹೇಳಿದ ಮಾತು ಕೇಳುತ್ತಿದ್ದವು. ಅವನಿಗೆ ಕಲಿಸುವ ಟೀಚರಮ್ಮ ವಾರಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದರು: "ಹತ್ತೊಂಬತ್ತಕ್ಕೆ ಶುರು ಮಾಡಿದವರ ನಾಲ್ಕನೇ ಬೆರಳು ಹೊಸ ಅಳಿಯ ಇದ್ದ ಹಾಗೆ. ಒಂದ್ಸಲ ಕರೀಬೇಕು, ಇನ್ನೊಂದ್ಸಲ ಕರೀಬೇಕು, ಆಮೇಲೆ ನಿಧಾನಕ್ಕೆ ಎದ್ದು ಬರ್ತಾನೆ." ಹೇಳಿ ತಾವೇ ನಗುತ್ತಿದ್ದರು. ಅವನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ಆ ಬೆರಳೊಂದನ್ನೇ ಬೇರೆ ಮಾಡಿ ಎತ್ತಿ, ಅದು ಪಕ್ಕದ ಎರಡು ಬೆರಳುಗಳನ್ನೂ ಜೊತೆಗೆ ಎಳೆದುಕೊಂಡು ಏಳುವುದನ್ನು ನೋಡಿ, ನಿನ್ನ ಯೋಗ್ಯತೆಗೆ ಇಷ್ಟು ಎಂದು ಮನಸ್ಸಿನಲ್ಲೇ ಬೈಯುತ್ತಿದ್ದ.

ಅವನು ಪಿಯಾನೊ ಶ್ರುತಿ ಮಾಡುವವನು. ರಿಪೇರಿ ಅಂಗಡಿಯಲ್ಲಿ ಆರು ವರ್ಷದಿಂದ ಇದ್ದಾನೆ. ಅಲ್ಲಿ ಎಲ್ಲರೂ ಅವನನ್ನು 'ಕಿವಿ' ಎಂದು ಕರೆಯುತ್ತಾರೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಸಂಗೀತ ಶಾಲೆಗೆ ಹೋಗಿ, ಮಧ್ಯಾಹ್ನದ ಪರೀಕ್ಷೆಗೆ ಅಲ್ಲಿಯ ದೊಡ್ಡ ಪಿಯಾನೊವನ್ನು ಶ್ರುತಿ ಮಾಡಿ ಬಾ ಎಂದು ಯಜಮಾನರು ಚೀಟಿ ಕೊಟ್ಟಿದ್ದರು. ಹಾಗೆ ಕೊಡುವಾಗ, ಅದೇ ಪರೀಕ್ಷೆಗೆ ಎರಡೂವರೆಗೆ ಹಾಜರಾಗಬೇಕಾದ ಹದಿನೈದು ಜನರಲ್ಲಿ ಇವನೂ ಒಬ್ಬ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಆರೇ ಆರು ಜನರನ್ನು ತೆಗೆದುಕೊಳ್ಳುವ ಶಾಲೆ. ಸಿಕ್ಕರೆ ಇವನೊಬ್ಬ ಪಿಯಾನೊ ನುಡಿಸುವವನು. ಸಿಗದಿದ್ದರೆ ಪಿಯಾನೊ ಇರುವವರ ಮನೆಗೆ ಚೀಲ ಹಿಡಿದು ಹೋಗುವವನು. ಮುಚ್ಚಿಟ್ಟದ್ದೇಕೆಂದರೆ ಅಂಗಡಿಯವರು ನಕ್ಕಾರು ಎಂದು. ಅವರು ನಗುತ್ತಿರಲಿಲ್ಲ, ಒಳ್ಳೆಯ ಜನ. ಆದರೆ 'ಹೌದೇನೋ' ಎಂದು ಹುಬ್ಬು ಏರಿಸಿ ಪ್ರೀತಿಯಿಂದ ಬೆನ್ನು ತಟ್ಟುತ್ತಿದ್ದರು. ಅದನ್ನು ತಡೆದುಕೊಳ್ಳುವುದು ನಗುವಿಗಿಂತ ಕಷ್ಟ.

ಶ್ರುತಿ ಮಾಡುವವರ ಹತ್ತಿರ ಒಂದು ಸಣ್ಣ ಮೋಸ ಇರುತ್ತದೆ. ಕೆಲಸ ಮುಗಿದ ಮೇಲೆ ಪಿಯಾನೊ ಸರಿಯಾಯಿತೋ ಇಲ್ಲವೋ ನೋಡಲು ಒಬ್ಬೊಬ್ಬರೂ ಅರ್ಧ ನಿಮಿಷದ ಒಂದು ತುಣುಕನ್ನು ನುಡಿಸುತ್ತಾರೆ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಮನೆಗಳನ್ನೂ ಮುಟ್ಟಿ ಬರುವಂಥದು, ಕೇಳಲು ಬಹಳ ಭರ್ಜರಿ. ವರ್ಷಾನುಗಟ್ಟಲೆ ಅದೊಂದನ್ನೇ ನುಡಿಸಿ ನುಡಿಸಿ ಅದು ನೀರಿನ ಹಾಗೆ ಹರಿಯುತ್ತದೆ. ಅಷ್ಟು ಕೇಳಿ ಮನೆಯ ಯಜಮಾನಿ ಅಡಿಗೆಮನೆಯಿಂದ ಕೈ ಒರೆಸುತ್ತ ಓಡಿ ಬಂದು, "ಅಯ್ಯೋ, ನೀವು ಇಷ್ಟು ಚೆನ್ನಾಗಿ ನುಡಿಸ್ತೀರಾ, ನಮ್ಮ ಮಗಳು ಆರು ವರ್ಷದಿಂದ ಕಲೀತಿದಾಳೆ, ಏನೂ ಬರಲ್ಲ" ಎನ್ನುತ್ತಾಳೆ. ಮಗಳು ಬಾಗಿಲ ಸಂದಿಯಿಂದ ಇವನನ್ನು ಕೊಂದುಹಾಕುವ ಹಾಗೆ ನೋಡುತ್ತಾಳೆ. ಒಂದು ಸಲ ಒಬ್ಬ ಮುದುಕರು ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ, "ಮುಂದುವರಿಸಿ" ಎಂದುಬಿಟ್ಟರು. ಮುಂದೆ ಏನಿತ್ತು, ಮಣ್ಣು. ಅವನು ಗಡಿಯಾರ ನೋಡಿಕೊಂಡು, ಇನ್ನೊಂದು ಮನೆಗೆ ಹೋಗಬೇಕಿದೆ ಎಂದು ಸುಳ್ಳು ಹೇಳಿ ಚೀಲ ಎತ್ತಿಕೊಂಡಿದ್ದ. ಎರಡು ಬೀದಿ ದಾಟುವವರೆಗೂ ಕಿವಿ ಬಿಸಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡುತ್ತಿದ್ದದ್ದು ಬೇರೆ. ಎರಡು ಗಂಟೆ ಒದ್ದಾಡಿ, ಇನ್ನೂರ ಚಿಲ್ಲರೆ ತಂತಿಗಳ ಜಗಳವನ್ನೆಲ್ಲ ಬಿಡಿಸಿ, ಪಿಯಾನೊ ಇದೀಗ ಬಾಯಿ ಬಿಟ್ಟು ಹಾಡುತ್ತದೆ ಅನ್ನುವ ಹೊತ್ತಿಗೆ ಸರಿಯಾಗಿ ಅವನು ಮುಚ್ಚಳ ಹಾಕಿ ಹೊರಡಬೇಕು. ಹುಡುಗಿಯನ್ನು ಸಿಂಗರಿಸಿ ಬೇರೆಯವರ ಮನೆಗೆ ಕಳಿಸಿಕೊಡುವ ಕೆಲಸ ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ಅವನಿಗೆ ಅದು ತಮಾಷೆ ಅನಿಸುತ್ತಿರಲಿಲ್ಲ.

ಶಾಲೆಯ ಹಾಲಿನಲ್ಲಿ ಯಾರೂ ಇರಲಿಲ್ಲ. ಜವಾನ ಬಾಗಿಲು ತೆಗೆದು, ಕಿಟಕಿ ತೆಗೀಬೇಡಿ, ಪಾರಿವಾಳ ಬರ್ತವೆ ಎಂದು ಹೇಳಿ ಹೋದ. ಎತ್ತರದ ಕಿಟಕಿಗಳು, ಗೋಡೆಗೆ ಒರಗಿಸಿಟ್ಟ ಮಡಿಚುವ ಕುರ್ಚಿಗಳು, ನೆಲಕ್ಕೆ ಹಾಕಿದ ಮೇಣದ ವಾಸನೆ. ಪಿಯಾನೊ ದೊಡ್ಡದು, ಕರಿಯದು, ತನ್ನನ್ನು ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ಎಮ್ಮೆಯ ಹಾಗೆ ನಿಂತಿತ್ತು. ಅವನು ಬೇಡದ ತಂತಿಗಳು ನುಡಿಯದಂತೆ ಉಣ್ಣೆಯ ಬೆಣೆಗಳನ್ನು ಮಧ್ಯೆ ಸಿಕ್ಕಿಸಿ ಕೆಲಸಕ್ಕೆ ಕೂತ. ಕೈಗೆ ಬಿಗಿಯುವ ಚಾವಿ ಬಂದ ಕೂಡಲೇ ಮನಸ್ಸು ತಣ್ಣಗಾಯಿತು, ಯಾವಾಗಲೂ ಹಾಗೆಯೇ. ಎರಡು ತಂತಿಗಳ ನಡುವೆ ಒಂದು ಅಲೆ ಏಳುತ್ತದೆ, ವೊಂಯ್ ವೊಂಯ್ ವೊಂಯ್. ಚಾವಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅಲೆ ನಿಧಾನವಾಗಿ, ಉದ್ದವಾಗಿ, ಮಲಗಿಬಿಡುತ್ತದೆ. ಇದನ್ನು ಅವನು ಹದಿನೆಂಟಕ್ಕೆ ಕಲಿತ, ಆರೇ ತಿಂಗಳಲ್ಲಿ. ಅಂಗಡಿಗೆ ಸೇರಿದ ದಿನ ಕೈಗೆ ಕೊಟ್ಟದ್ದು ಒಂದು ಬ್ರಷ್ಷು. ಬಿಚ್ಚಿಟ್ಟ ಪಿಯಾನೊದ ಹೊಟ್ಟೆಯ ಧೂಳು ಹೊಡೆಯುವ ಕೆಲಸ. ಹಲ್ಲಿನ ಡಾಕ್ಟರು ಮನುಷ್ಯರ ನಗುವನ್ನು ನೋಡುವ ಮೊದಲು ದವಡೆಯನ್ನು ನೋಡುವ ಹಾಗೆ, ಅವನು ಪಿಯಾನೊದ ಸಂಗೀತ ಕೇಳುವ ಮೊದಲು ಅದರ ಸುತ್ತಿಗೆ, ಕೀಲು, ಸ್ಪ್ರಿಂಗುಗಳನ್ನು ನೋಡಿದ್ದ. ಒಂದು ವರ್ಷವಾದ ಮೇಲೆ, ಇನ್ನೊಬ್ಬರಿಗೆ ಮಾರಲಾಗದ ಒಂದು ಹಳೆಯ ನಿಲುವು ಪಿಯಾನೊವನ್ನು ಯಜಮಾನರು ತಗೊಂಡು ಹೋಗು ಅಂದಾಗ, ನಾಲ್ಕು ಜನ ಸೇರಿ ಅದನ್ನು ಮೂರು ಮಹಡಿ ಹೊತ್ತು ಅಕ್ಕನ ಮನೆಯ ನಡುಮನೆಗೆ ತಂದಿದ್ದರು. ಬಾಗಿಲಲ್ಲಿ ಸಿಕ್ಕಿಕೊಂಡಾಗ ಭಾವ, "ಒಂದೋ ಅದು ಒಳಗಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದ. ಇಬ್ಬರೂ ಇದ್ದಾರೆ. ಈಗ ಭಾವನಿಗೂ ಆ ಹನ್ನೆರಡು ಪೆಟ್ಟಿನ ಸಾಲು ಬಾಯಿಪಾಠ, ಬಸ್ಸು ಓಡಿಸಿ ದಣಿದು ಬಂದು ಷೂ ಬಿಚ್ಚುತ್ತ, "ಇವತ್ತೆಷ್ಟು ಬಂತು, ಎಂಟಾ ಒಂಬತ್ತಾ?" ಎಂದು ಕೇಳುತ್ತಾನೆ.

ಹತ್ತೂಮುಕ್ಕಾಲಿಗೆ ಶ್ರುತಿಯ ಕೆಲಸ ಮುಗಿಯಿತು. ಅರ್ಧ ನಿಮಿಷದ ತುಣುಕಿನ ಬದಲು ಅವನು ಸುತ್ತ ನೋಡಿ, ತನ್ನ ಕೃತಿಯ ಆ ಸಾಲನ್ನು ನುಡಿಸಿದ. ಎಂಟು ಬಂದವು, ನಾಲ್ಕು ಉರುಳಿ ಬಿದ್ದವು. ಇನ್ನೊಮ್ಮೆ. ಎಂಟೇ. ಪಿಯಾನೊದ್ದೇನೂ ತಪ್ಪಿರಲಿಲ್ಲ. ಪ್ರತಿ ಮನೆಯ ಹಿಂದೆ, ಒಳಗೆ, ಸುತ್ತಿಗೆ ಒಮ್ಮೆ ಹೊಡೆದ ಮೇಲೆ ಇನ್ನೊಂದು ಹೊಡೆತಕ್ಕೆ ಬೇಗ ಸಜ್ಜಾಗಲಿ ಎಂದು ಒಂದು ಪುಟ್ಟ ಸ್ಪ್ರಿಂಗ್ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಸುತ್ತಿಗೆಗೆ ಆತುರ ಹೆಚ್ಚು. ಸೋಮಾರಿ ಬೆರಳೂ ಚುರುಕಾಗಿ ಕೇಳಿಸುತ್ತದೆ. ಇದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಗೊತ್ತಿಲ್ಲದಂತೆ ಇರಲು ಸ್ವಲ್ಪ ಹೊತ್ತು ಕಿಟಕಿಯ ಆಚೆ ಪಾರಿವಾಳಗಳನ್ನು ಎಣಿಸಿದ. ಹೊಲಿಯುವವನು ತನ್ನ ಅಂಗಿಗೆ ಇನ್ನೊಂದು ಜೇಬು ಇಟ್ಟುಕೊಂಡರೆ ಯಾರು ಕೇಳುತ್ತಾರೆ? ಎಂಟೇ ಎಂಟು ಸ್ಕ್ರೂ ಬಿಚ್ಚಿ ಇಡೀ ಯಂತ್ರವನ್ನು ಮೇಜಿನ ಖಾನೆಯಂತೆ ಹೊರಗೆಳೆದ. ಆ ಒಂದು ಮನೆಯ, ಅದೊಂದರದೇ, ಸ್ಪ್ರಿಂಗನ್ನು ಕಾಲು ಸುತ್ತು ಬಿಗಿ ಮಾಡಿದ. ಮತ್ತೆ ಒಳಗೆ ತಳ್ಳಿ ನುಡಿಸಿದ. ಹನ್ನೊಂದು. ಎದೆ ಹಗುರಾಗಿ ಸುಮ್ಮಸುಮ್ಮನೆ ನಗು ಬಂತು. ಅವಸರದಲ್ಲಿ ಚೀಲ ಕಟ್ಟಿದ.

ಎರಡು ಗಂಟೆಗೆ ಅವನು ತೊಳೆದ ಅಂಗಿ ಹಾಕಿಕೊಂಡು ಅದೇ ಹಾಲಿನ ಹೊರಗಿನ ಕಾರಿಡಾರಿನಲ್ಲಿ ಕೂತಿದ್ದ. ಚೀಲವನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಕಾಲ ಬುಡದಲ್ಲಿಟ್ಟುಕೊಂಡಿದ್ದ. ಬೆಂಚು ಮಕ್ಕಳ ಅಳತೆಯದು. ಮಂಡಿ ಗದ್ದಕ್ಕೆ ಬರುತ್ತಿತ್ತು. ಸಾಲಾಗಿ ಕೂತವರಲ್ಲಿ ಎಲ್ಲರಿಗಿಂತ ದೊಡ್ಡವಳಿಗೆ ಹದಿನೈದಿರಬಹುದು. ತಾಯಂದಿರು ಇವನನ್ನು ನೋಡಿ, ಯಾರದೋ ಚಿಕ್ಕಪ್ಪ ಎಂದು ತೀರ್ಮಾನಿಸಿ, ಕಾಲು ಮಡಚಿ ದಾರಿ ಬಿಡುತ್ತಿದ್ದರು. ಕಳೆದ ವರ್ಷ ಟೀಚರಮ್ಮನ ಶಿಷ್ಯರ ಕಾರ್ಯಕ್ರಮದಲ್ಲೂ ಇದೇ ಆಗಿತ್ತು. ಬಾತುಕೋಳಿಯ ಹಾಡು ನುಡಿಸಿದ ಆರು ವರ್ಷದ ಹುಡುಗನ ನಂತರ ಇವನ ಸರದಿ. ಹುಡುಗನಿಗಾಗಿ ಎತ್ತರಿಸಿದ್ದ ತಿರುಗುವ ಸ್ಟೂಲನ್ನು ಇಳಿಸಬೇಕಿತ್ತು. ಅದು ಕಿರ್ರ್ ಕಿರ್ರ್ ಎಂದು ಹದಿನಾಲ್ಕು ಸುತ್ತು ತಿರುಗಿತು, ಇಡೀ ಸಭೆ ಉಸಿರು ಬಿಗಿಹಿಡಿದು ಕೇಳಿತು. ನುಡಿಸಿದ ಮೇಲೆ ಬಂದ ಚಪ್ಪಾಳೆ ಹುಡುಗನಿಗೆ ಬಂದದ್ದಕ್ಕಿಂತ ಜೋರಾಗಿತ್ತು. ಅಷ್ಟು ಜೋರಾಗಿ ಯಾರಿಗೆ ಚಪ್ಪಾಳೆ ತಟ್ಟುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಪಕ್ಕದಲ್ಲಿ ಕಾಲು ಆಡಿಸುತ್ತ ಕೂತಿದ್ದ ಹುಡುಗಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಎರಡು ಜಡೆ, ಮುಂದಿನ ಒಂದು ಹಲ್ಲು ಅರ್ಧ ಬೆಳೆದಿತ್ತು.

"ನೀವು ಯಾರನ್ನ ಕರ್ಕೊಂಡು ಬಂದಿದೀರ?" ಎಂದು ಕೇಳಿದಳು.

"ನನ್ನನ್ನೇ."

ಅವಳು ಅವನ ಕಡೆಗೆ ಪೂರ್ತಿ ತಿರುಗಿ ಕೂತಳು. "ಎಷ್ಟು ವರ್ಷದಿಂದ ಕಲೀತಿದೀರ?"

"ಐದು."

"ನಾನೂ ಐದು," ಎಂದಳು ಖುಷಿಯಿಂದ. ನಾಲ್ಕಕ್ಕೆ ಶುರು ಮಾಡಿದ್ದು, ಈಗ ಒಂಬತ್ತು. "ಅಮ್ಮಾ, ಇವರೂ ನನ್ನಷ್ಟೇ." ಅಮ್ಮ ಫೋನಿನಿಂದ ತಲೆಯೆತ್ತಿ, ಇವನ ಕಡೆ ಕ್ಷಮೆ ಕೇಳುವಂತೆ ನಕ್ಕಳು. ಹುಡುಗಿ ಮಾತ್ರ ಅವನನ್ನು ತನ್ನ ಓರಗೆಯವನೆಂದು ಒಪ್ಪಿಕೊಂಡುಬಿಟ್ಟಿದ್ದಳು. ಪರೀಕ್ಷೆ ಮಾಡುವವರು ಮೂವರಂತೆ, ನಡುವೆ ಕೂರುವ ದೊಡ್ಡ ಮೇಡಮ್ಮು ನಗೋದೇ ಇಲ್ಲವಂತೆ, ಹೆದರಬಾರದಂತೆ ಎಂದು ಗುಟ್ಟಿನಲ್ಲಿ ಹೇಳಿದಳು. "ನೀವು ಹೆದರ್ತೀರಾ?" ಹೆದರುತ್ತೇನೆ ಎಂದ. ಬೆಳಿಗ್ಗೆಯಿಂದ ಅವನು ಯಾರ ಹತ್ತಿರವೂ ಒಪ್ಪಿಕೊಳ್ಳದಿದ್ದ ನಿಜ ಅದು.

ಅವಳನ್ನು ಕರೆದರು. ಅವಳು ಜಿಗಿದು ಇಳಿದು ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನಿಂದ ಕೇಳಿದ್ದು ಮಗುವನ್ನು ತಟ್ಟಿ ಮಲಗಿಸುವಂಥ ಬಹಳ ಮೆಲ್ಲನೆಯ ರಾಗ. ಒಂದೊಂದು ಸ್ವರವನ್ನೂ ಅವಳು ಬಟ್ಟಲಿಗೆ ಹಾಲು ಹಾಕುವಂತೆ ಇಡುತ್ತಿದ್ದಳು. ಬೆಂಚಿನ ಮೇಲೆ ಅವನ ಬೆರಳುಗಳು ನಿಂತೇ ಹೋದವು. ಇದು ಚುರುಕುತನದ ಮಾತಲ್ಲ, ಬೇರೆ ಏನೋ. ಆ ಬೆರಳುಗಳಿಗೆ ಪಿಯಾನೊ ಅಂದರೆ ಹೊರಗಿನ ವಸ್ತು ಎಂದೇ ಗೊತ್ತಿಲ್ಲ, ಅಷ್ಟೆ. ಅಸೂಯೆ ಎಷ್ಟು ಬಂತೋ ಸುಖವೂ ಅಷ್ಟೇ ಬಂತು. ತಾನು ಬೆಳಿಗ್ಗೆ ಹದ ಮಾಡಿದ ತಂತಿಗಳು ಅವಳ ಕೈಯಲ್ಲಿ ಹಾಗೆ ನುಡಿಯುವುದನ್ನು ಕೇಳುತ್ತ ಅವನು ಮುಂದಕ್ಕೆ ಬಾಗಿದ. ಅಷ್ಟರಲ್ಲಿ ಒಂದು ಸ್ವರ ಎರಡು ಸಲ ಬಿತ್ತು. ಟಕ್-ಟಕ್, ಉಗ್ಗಿದ ಹಾಗೆ. ಅವಳು ನಿಂತು, ಎರಡು ಸಾಲು ಹಿಂದಕ್ಕೆ ಹೋಗಿ, ಮತ್ತೆ ಬಂದಳು. ಟಕ್-ಟಕ್.

ಅವನಿಗೆ ಕೂಡಲೇ ಅರ್ಥವಾಯಿತು. ಅತಿ ಬಿಗಿಯಾದ ಸ್ಪ್ರಿಂಗು ಜೋರಾಗಿ ಒತ್ತಿದಾಗ ಉಪಕಾರ ಮಾಡುತ್ತದೆ. ಮೆಲ್ಲಗೆ ಒತ್ತಿದಾಗ ಸುತ್ತಿಗೆ ಪುಟಿದು ತಾನಾಗಿ ಇನ್ನೊಂದು ಪೆಟ್ಟು ಹಾಕುತ್ತದೆ. ಅದಕ್ಕೇ ಬಿಗಿ ಮಾಡಿದವರು ಮೆಲ್ಲಗೆ ಒತ್ತಿ ನೋಡಬೇಕು. ಅಂಗಡಿಯಲ್ಲಿ ಮೊದಲ ತಿಂಗಳು ಸೇರಿದವನಿಗೂ ಇದು ಗೊತ್ತು. ಅವನು ನೋಡಿರಲಿಲ್ಲ. ತನ್ನ ಹನ್ನೆರಡು ಪೆಟ್ಟನ್ನು ಮಾತ್ರ ಹೊಡೆದು ನೋಡಿ ಚೀಲ ಕಟ್ಟಿದ್ದ. ಆರು ವರ್ಷದಲ್ಲಿ ಶ್ರುತಿಗಾರನಾಗಿ ಒಂದು ದಿನವೂ ಮಾಡದ ತಪ್ಪನ್ನು, ನುಡಿಸುವವನಾಗಬೇಕೆಂದು ಹೊರಟ ದಿನ ಮಾಡಿದ್ದ. ಒಳಗೆ ಹುಡುಗಿ ಮೂರನೆಯ ಸಲ ಆ ಜಾಗಕ್ಕೆ ಬಂದಳು. ಈ ಸಲ ಸ್ವರ ಒಂದೇ ಸಲ ಬಿತ್ತು, ಸ್ವಲ್ಪ ದಪ್ಪವಾಗಿ. ಅದರ ಮುಂದಿನವನ್ನೂ ಅವಳು ಅಷ್ಟೇ ದಪ್ಪ ಮಾಡಿಕೊಂಡು, ಅದೇ ಸರಿ ಅನ್ನುವ ಹಾಗೆ ಕೊನೆಯವರೆಗೂ ಹೋದಳು. ಯಾವ ಸ್ಪ್ರಿಂಗು, ಯಾವ ಸುತ್ತಿಗೆ, ಅವಳಿಗೇನು ಗೊತ್ತು? ಬೆರಳು ಎರಡು ಸಲ ಎಡವಿತು, ಮೂರನೆಯ ಸಲಕ್ಕೆ ಕಲಿತಿತ್ತು. ಅವನಾಗಿದ್ದರೆ ನಾಲ್ಕು ತಿಂಗಳು. ಸದ್ಯ, ಹುಡುಗಿ ದಾಟಿಕೊಂಡಳು, ಏನೂ ಕೆಡಲಿಲ್ಲ ಎಂದು ಅವನು ಉಸಿರು ಬಿಟ್ಟ. ಉಸಿರು ಬಿಟ್ಟದ್ದಕ್ಕೆ ಆ ಕೂಡಲೇ ನಾಚಿಕೆಯೂ ಆಯಿತು.

ಹೊರಗೆ ಬಂದ ಹುಡುಗಿಯ ಮುಖ ಕೆಂಪಾಗಿತ್ತು.

"ಆ ಒಂದು ಮನೆ ಎರಡು ಸಲ ಹೊಡೀತು ಅಮ್ಮಾ. ನಾನು ಒಂದೇ ಸಲ ಒತ್ತಿದ್ದು."

"ಪಿಯಾನೊ ಮೇಲೆ ಯಾಕೆ ಹಾಕ್ತೀಯ," ಎಂದಳು ತಾಯಿ, ಗದರಲೂ ಇಲ್ಲ, ಬೇಸರವನ್ನು ಮುಚ್ಚಿಡಲೂ ಇಲ್ಲ. "ಬೆರಳು ಮೆತ್ತಗಾಗಿರತ್ತೆ. ಮನೇಲಿ ಸರಿಯಾಗೇ ಬರ್ತಿತ್ತಲ್ಲ."

ಹುಡುಗಿ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅವನು ಐದು ವರ್ಷದಿಂದ ತನ್ನ ಬೆರಳನ್ನು ನೋಡುತ್ತಿದ್ದ ಹಾಗೆಯೇ, ನಿನ್ನ ಯೋಗ್ಯತೆ ಇಷ್ಟು ಎನ್ನುವ ಹಾಗೆ. ಅದನ್ನು ನೋಡಿ ಕೂರಲು ಅವನಿಂದ ಆಗಲಿಲ್ಲ. ಚೀಲ ಎತ್ತಿಕೊಂಡು, ಕರೆಯುವ ಮೊದಲೇ ಬಾಗಿಲು ತಳ್ಳಿ ಒಳಗೆ ಹೋದ.

ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವಿನವರು ಕತ್ತರಿಸಿದ ಬಿಳಿಕೂದಲ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಹುಡುಗಿ ಹೇಳಿದ ದೊಡ್ಡ ಮೇಡಮ್ಮು ಇವರೇ ಇರಬೇಕು. ಚೀಲ ನೋಡಿ ಅವರು, "ಟ್ಯೂನರ್ ಇನ್ನೂ ಇಲ್ಲೇ ಇದೀರಾ, ಒಳ್ಳೇದಾಯ್ತು. ಒಂದು ಮನೆ ಹಟ ಮಾಡ್ತಿದೆ, ನೋಡಿ," ಎಂದರು. ಎಷ್ಟು ಸುಲಭ ಮಾಡಿಕೊಟ್ಟರೆಂದರೆ, ಅವನು ಸುಮ್ಮನೆ ಹೂಂ ಎಂದು ಸ್ಕ್ರೂ ಬಿಚ್ಚಿದ್ದರೆ ಸಾಕಿತ್ತು. ಬಿಚ್ಚಲು ಬಗ್ಗಿದ ಕೂಡ. ಬಗ್ಗಿಕೊಂಡೇ ಹೇಳಿದ:

"ಮನೇದಲ್ಲ ಹಟ. ಬೆಳಿಗ್ಗೆ ನಾನೇ ಅದರ ಸ್ಪ್ರಿಂಗ್ ಬಿಗಿ ಮಾಡಿದ್ದೆ. ಆ ಹುಡುಗಿ ಸರಿಯಾಗೇ ಒತ್ತಿದಾಳೆ."

"ಯಾಕೆ ಬಿಗಿ ಮಾಡಿದ್ರಿ?"

"ಮುಂದಿನ ಹೆಸರು ನಂದು. ನನ್ನ ಪೀಸಿನಲ್ಲಿ ಅದೇ ಮನೇನ ಹನ್ನೆರಡು ಸಲ ಹೊಡೀಬೇಕು. ನಂಗೆ ಎಂಟೇ ಬರೋದು."

ಎಡಗಡೆಯ ಗಂಡಸು ಕೆಮ್ಮಿದರು. ಬಲಗಡೆ ಬರೆದುಕೊಳ್ಳುತ್ತಿದ್ದ ಯುವತಿ ಪೆನ್ನು ನಿಲ್ಲಿಸಿದಳು. ದೊಡ್ಡ ಮೇಡಮ್ಮು ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದರು, ಕನ್ನಡಕ ತೆಗೆದು ಅವನನ್ನು ನೋಡಿದರು. ನಗದವರೆಂದು ಹೆಸರಾದವರ ತುಟಿಯ ಒಂದು ಕೊನೆ ಏನೋ ಮಾಡಿತು, ಅವನಿಗೆ ಖಾತ್ರಿಯಿಲ್ಲ. "ಬಿಡಿಸಿ," ಎಂದರು. "ಬಿಡಿಸಿ ಆ ಮಗೂನ ಕರೀರಿ. ನೀವೇ ಕರೀಬೇಕು." ಅವನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಈ ಸಲ ಮೆಲ್ಲಗೆ, ಇನ್ನೂ ಮೆಲ್ಲಗೆ, ಗಾಳಿ ಒತ್ತಿದಂತೆ ಒತ್ತಿ ನೋಡಿ, ಹೊರಗೆ ಹೋಗಿ ತಾಯಿಯ ಎದುರಿಗೇ ಹುಡುಗಿಗೆ ಹೇಳಿದ: ತಪ್ಪು ನಿನ್ನದಲ್ಲ, ನನ್ನದು, ಇನ್ನೊಂದು ಸಲ ನುಡಿಸಬೇಕಂತೆ. ತಾಯಿಗೆ ಸಿಟ್ಟು ಬಂದದ್ದು ಕಂಡಿತು. ಹುಡುಗಿಗೆ ಸಿಟ್ಟು ಬರಲಿಲ್ಲ. "ನಾನು ಹೇಳಲಿಲ್ವಾ?" ಎಂದು ತಾಯಿಗೆ ಹೇಳಿ ಒಳಗೆ ಓಡಿದಳು. ಎರಡನೆಯ ಸಲ ಅವಳು ಮೊದಲಿಗಿಂತ ಸ್ವಲ್ಪ ಕೆಟ್ಟದಾಗಿ ನುಡಿಸಿದಳು, ಅವಸರ ಮಾಡಿದಳು. ಆದರೂ ಅವನು ಕಿಟಕಿಯ ಬಳಿ ನಿಂತು ಕೇಳುತ್ತ, ನಾನು ಸತ್ತರೂ ಹೀಗೆ ನುಡಿಸಲಾರೆ ಎಂದು ಸ್ಪಷ್ಟವಾಗಿ, ಹೆಚ್ಚೇನೂ ನೋವಿಲ್ಲದೆ, ಅಂದುಕೊಂಡ.

ಆಮೇಲೆ ಅವನ ಸರದಿ. ಕೂತ. ಸೀಟು ಹೋಯಿತು ಎಂಬುದು ಖಚಿತವಾಗಿದ್ದರಿಂದ ಹೆದರಿಕೆ ಇರಲಿಲ್ಲ. ಮೊದಲ ಪುಟ ಬಂತು. ಎರಡನೆಯದರಲ್ಲಿ ಎಡಗೈ ಎಲ್ಲೋ ಒಂದು ಕಡೆ ದಾರಿ ತಪ್ಪಿ, ಗೊತ್ತಿರುವ ಮುಖ ಕಂಡಂತೆ ಮುಂದಿನ ಸಾಲನ್ನು ಹಿಡಿದುಕೊಂಡಿತು. ಅದರ ಮಧ್ಯೆ ಒಂದು ಸಂಗತಿ ಅವನ ಗಮನಕ್ಕೆ ಬಂತು: ಅರ್ಧ ನಿಮಿಷ ಯಾವಾಗಲೋ ದಾಟಿಹೋಗಿತ್ತು, ತಾನು ಶ್ರುತಿ ಮಾಡಿದ ಪಿಯಾನೊದ ಮುಂದೆ ತಾನೇ ಇನ್ನೂ ಕೂತಿದ್ದ, ಯಾರೂ ಎಬ್ಬಿಸಿರಲಿಲ್ಲ. ಆ ಸಾಲು ಬಂತು. ನಾಲ್ಕು, ಮೂರು, ಎರಡು, ಒಂದು. ಒಂಬತ್ತು ಬಂದವು. ಮೂರು ಎಲ್ಲಿ ಹೋದವೋ ಹೋದವು. ಕೊನೆಯ ಪುಟದ ಉದ್ದ ಸ್ವರಗಳಲ್ಲಿ ಅವನು ಪ್ರತಿಯೊಂದೂ ತಾನಾಗಿ ಆರುವವರೆಗೆ ಕಾದು ಮುಂದಿನದಕ್ಕೆ ಹೋದ. ತಾಳ ಸ್ವಲ್ಪ ಎಳೆಯಿತು, ಎಳೆಯಲಿ ಎಂದು ಬಿಟ್ಟ. ಮುಗಿಸಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪರೀಕ್ಷೆಯಲ್ಲಿ ತಟ್ಟುವುದಿಲ್ಲ. ಅದು ಅವನಿಗೆ ಬಹಳ ಹಿಡಿಸಿತು.

"ಸೀಟು ಆರು," ಎಂದರು ದೊಡ್ಡ ಮೇಡಮ್ಮು. "ನಿಮಗೆ ಕೊಡಕ್ಕಾಗಲ್ಲ. ಸ್ಪ್ರಿಂಗಿಗೋಸ್ಕರ ಅಲ್ಲ. ಅದನ್ನ ನೀವು ಹೇಳದೆ ಇದ್ದಿದ್ರೂ ಕೊಡ್ತಿರಲಿಲ್ಲ."

"ಗೊತ್ತು ಮೇಡಮ್." ಏಳಬೇಕಿತ್ತು, ಏಳಲಿಲ್ಲ. ಇಷ್ಟೆಲ್ಲ ಮರ್ಯಾದೆ ಕಳೆದುಕೊಂಡ ಮೇಲೆ ಇನ್ನೇನು ಎಂಬ ಧೈರ್ಯ ಬಂದಿತ್ತು. "ಒಂದು ಕೇಳ್ಲಾ? ಹತ್ತೊಂಬತ್ತಕ್ಕೆ ಶುರು ಮಾಡಿದ್ದು ತಡ ಆಯ್ತಾ?"

ಎಲ್ಲರೂ ಈ ಪ್ರಶ್ನೆಗೆ ಕೂಡಲೇ ಉತ್ತರ ಕೊಡುತ್ತಿದ್ದರು. ಟೀಚರಮ್ಮ ತಡವಾಯಿತು ಎನ್ನುತ್ತಿದ್ದರು. ಅಕ್ಕ ಅದೆಲ್ಲ ಏನಿಲ್ಲ, ಮನಸ್ಸಿದ್ದರೆ ಆಯಿತು ಎನ್ನುತ್ತಿದ್ದಳು. ಇಬ್ಬರ ಮಾತೂ ಅವನನ್ನು ಕೂತಲ್ಲಿಂದ ಅಲುಗಿಸಿರಲಿಲ್ಲ. ಈ ಹೆಂಗಸು ಮಾತ್ರ ಎದ್ದು ಬಂದು ಅವನ ಬಲಗೈಯನ್ನು ತೆಗೆದುಕೊಂಡು, ತರಕಾರಿ ಆರಿಸುವವರ ಹಾಗೆ ನಿರ್ಭಾವದಿಂದ, ನಾಲ್ಕನೆಯ ಬೆರಳನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. ಪಕ್ಕದ ಬೆರಳುಗಳನ್ನು ಒತ್ತಿ ಹಿಡಿದು ಅದೊಂದನ್ನೇ ಎತ್ತಲು ಹೇಳಿದರು. ದಿನಕ್ಕೆಷ್ಟು ಹೊತ್ತು ಕೂರುತ್ತೀರಿ ಎಂದು ಕೇಳಿದರು. ಒಂದೂವರೆ ಗಂಟೆ, ಭಾನುವಾರ ಮೂರು ಎಂದ. ಅವರು ಕಿಟಕಿಯ ಕಡೆ ನೋಡುತ್ತ ಮನಸ್ಸಿನಲ್ಲೇ ಏನೋ ಗುಣಿಸಿದರು.

"ತಡ ಆಗಿದೆ," ಎಂದರು. "ಆ ಮಗು ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ ನೀವು ಹೋಗಲ್ಲ. ಆಸೆ ಇಟ್ಕೋಬೇಡಿ. ಇಷ್ಟೇ ಕೂತ್ರೆ, ಬಿಡದೆ ಕೂತ್ರೆ, ಅವಳು ಹದಿನಾಲ್ಕಕ್ಕೆ ಹೇಗೆ ನುಡಿಸ್ತಾಳೋ ಹಾಗೆ ನೀವು ನಲವತ್ತಕ್ಕೆ ನುಡಿಸ್ತೀರಿ." ಕೈ ಬಿಟ್ಟು ಹೋಗಿ ತಮ್ಮ ಜಾಗದಲ್ಲಿ ಕೂತು, ಮುಂದಿನ ಹೆಸರು ಕರೆಯಲು ಯುವತಿಗೆ ಸನ್ನೆ ಮಾಡಿದರು.

ಅವನು ಥ್ಯಾಂಕ್ಸ್ ಹೇಳಿದನೋ ಇಲ್ಲವೋ. ಕಾರಿಡಾರು ದಾಟಿ, ಮೆಟ್ಟಿಲು ಇಳಿದು, ಬೀದಿಗೆ ಬಂದ ಮೇಲೆ ತಾನು ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಡೆಯುತ್ತಿರುವುದು ಗೊತ್ತಾಯಿತು. ದುಃಖ ಬರಬಹುದೆಂದು ಸ್ವಲ್ಪ ದೂರ ಕಾದ. ಸೀಟು ಸಿಗಲಿಲ್ಲ, ಒಂಬತ್ತು ವರ್ಷದ ಹುಡುಗಿಯ ಮುಂದೆ ನೀನು ಏನೂ ಅಲ್ಲ ಎಂದು ಮುಖದ ಮೇಲೆ ಹೇಳಿದ್ದಾರೆ, ಅಂಗಡಿಗೆ ಸುದ್ದಿ ಹೋದರೆ ನಾಳೆ ಬೈಗುಳ ಕಾದಿದೆ. ಇಷ್ಟೆಲ್ಲವನ್ನೂ ಒಂದೊಂದಾಗಿ ಮನಸ್ಸಿನ ಮುಂದೆ ಇಟ್ಟುಕೊಂಡ. ಆದರೆ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಅವಳು ಹದಿನಾಲ್ಕಕ್ಕೆ ನುಡಿಸುವ ಹಾಗೆ. ಒಂಬತ್ತಕ್ಕೇ ಅಷ್ಟು ಚೆನ್ನಾಗಿ ನುಡಿಸುವವಳು ಹದಿನಾಲ್ಕಕ್ಕೆ ಹೇಗೆ ನುಡಿಸಿಯಾಳು? ಹಾಗೆ ತಾನು ನುಡಿಸುತ್ತೇನಂತೆ. ತನ್ನ ಈ ಕೈ, ಇದೇ ಬೆರಳು. ಸುಳ್ಳು ಹೇಳುವ ಮುಖವಲ್ಲ ಅದು, ಸಮಾಧಾನ ಮಾಡುವ ಮುಖ ಅಂತೂ ಅಲ್ಲವೇ ಅಲ್ಲ. ಔಷಧಿ ಅಂಗಡಿಯ ಎದುರು ಅವನು ನಿಂತುಬಿಟ್ಟ. ಇಷ್ಟು ಸಂತೋಷ ಆಗುತ್ತಿರುವುದು ಸರಿಯೋ ತಪ್ಪೋ ತಿಳಿಯದೆ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಕನ್ನಡಕದ ಗಾಜು ಉಜ್ಜುವ ಕೆಲಸದವಳು. ಹಿಂದೆ ಯಂತ್ರದ ಗುಂಯ್‌ಗುಟ್ಟುವ ಸದ್ದು ಕೇಳುತ್ತಿತ್ತು.

"ಏನಾಯ್ತೋ?"

"ಸೀಟು ಸಿಗಲಿಲ್ಲ."

ಅವಳು ಯಂತ್ರ ನಿಲ್ಲಿಸಿದಳು. "ಹೋಗ್ಲಿ ಬಿಡು, ಅವರಿಗೇನು ಗೊತ್ತು," ಎಂದವಳು ತಡೆದು, "ಮತ್ತೆ ದನಿ ಯಾಕೆ ಹಾಗಿದೆ, ಸಿಕ್ಕಿದೋರ ಥರ?" ಎಂದಳು.

"ನಲವತ್ತಕ್ಕೆ ಬರತ್ತಂತೆ ಅಕ್ಕಾ."

"ಏನು ಬರತ್ತೆ, ಚಾಳೀಸಾ? ಅದು ಎಲ್ಲರಿಗೂ ಬರತ್ತೆ, ನಾನೇ ಉಜ್ಜಿ ಕೊಡ್ತೀನಿ."

"ಅಲ್ಲ, ಪಿಯಾನೊ. ಬಿಡದೆ ಕೂತ್ರೆ ನಲವತ್ತಕ್ಕೆ ಚೆನ್ನಾಗಿ ಬರತ್ತೆ ಅಂದ್ರು. ಹೇಳಿದ್ದು ಸಾಮಾನ್ಯದೋರಲ್ಲ."

ಆಚೆ ಕಡೆ ಅಕ್ಕ ಲೆಕ್ಕ ಹಾಕುತ್ತಿದ್ದಳು. "ಅಂದ್ರೆ ಇನ್ನೂ ಹದಿನಾರು ವರ್ಷ," ಎಂದಳು ಕೊನೆಗೆ. "ನಾನೂ ನಿಮ್ಮ ಭಾವನೂ ಅದನ್ನ ಕೇಳ್ತಾ ಕೂತಿರ್ಬೇಕು?"

"ಹೂಂ," ಎಂದ ಅವನು. "ಇವತ್ತು ಸಂಜೆಯಿಂದ."